ಓದುಗರ ಪ್ರಶ್ನೆ: ನೂರೇ ವರ್ಷದಲ್ಲಿ ಅಷ್ಟು ಜನ ಮುಸ್ಲಿಮರಾದದ್ದು ಹೇಗೆ?

ಪ್ರಶ್ನೆ: ಪ್ರವಾದಿ ಮುಹಮ್ಮದರು ತೀರಿಕೊಂಡದ್ದು 632ರಲ್ಲಿ. ಅಲ್ಲಿಂದ ನೂರು ವರ್ಷದೊಳಗೆ ಇಸ್ಲಾಂ ಸಿಂಧ್‌ನಿಂದ ಸ್ಪೇನ್‌ವರೆಗೆ ಹರಡಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಅಷ್ಟು ಬೇಗ ಅಷ್ಟೊಂದು ಜನ ಮತಾಂತರವಾದದ್ದು ಕತ್ತಿಗೆ ಹೆದರಿಯೋ, ಜಿಜಿಯಾ ತೆರಿಗೆ ಕಟ್ಟಲಾಗದೆಯೋ, ಮನಸಾರೆ ಒಪ್ಪಿಯೋ?

ಉತ್ತರ: ಅಷ್ಟು ಬೇಗ ಅಷ್ಟೊಂದು ಜನ ಮತಾಂತರ ಆಗಲೇ ಇಲ್ಲ. ಆ ನೂರು ವರ್ಷದಲ್ಲಿ ಹಬ್ಬಿದ್ದು ಅರಬರ ಆಳ್ವಿಕೆ. ಭೂಪಟದಲ್ಲಿ ಹಸಿರು ಬಳಿದ ಜಾಗವೆಲ್ಲ ಖಲೀಫರ ಕಡೆಯವರು ಕಂದಾಯ ಎತ್ತುತ್ತಿದ್ದ ಜಾಗ, ಅಷ್ಟೆ. ಅಲ್ಲಿ ಉಳುತ್ತಿದ್ದವರು, ನೇಯುತ್ತಿದ್ದವರು, ಲೆಕ್ಕ ಬರೆಯುತ್ತಿದ್ದವರು 732ರಲ್ಲೂ ಬಹುಪಾಲು ಕ್ರೈಸ್ತರು, ಜರತುಷ್ಟ್ರ ಮತದವರು, ಯಹೂದಿಗಳು. ಮಧ್ಯ ಏಷ್ಯಾದಲ್ಲಿ ಬೌದ್ಧರೂ ಇದ್ದರು. ಅವರ ಮನೆತನಗಳು ಮುಸ್ಲಿಮ್ ಆಗುವುದಕ್ಕೆ ಇರಾನಿನಲ್ಲಿ ಇನ್ನೂ ನೂರಿನ್ನೂರು ವರ್ಷ ಹಿಡಿಯಿತು, ಈಜಿಪ್ಟಿನಲ್ಲಿ ಅದಕ್ಕಿಂತ ಬಹಳ ಹೆಚ್ಚು.

ಅರೇಬಿಯಾ ಮಾತ್ರ ಇದಕ್ಕೆ ಹೊರತು. 622ರಲ್ಲಿ ಪ್ರವಾದಿ ಮಕ್ಕಾ ಬಿಟ್ಟು ಮದೀನಾಕ್ಕೆ ಹೋದರು, 630ರಲ್ಲಿ ಮಕ್ಕಾ ಅವರ ಕೈಸೇರಿತು. ಆಮೇಲೆ ಬುಡಕಟ್ಟುಗಳು ಒಂದೊಂದಾಗಿ ಬಂದು ಒಪ್ಪಂದ ಮಾಡಿಕೊಂಡವು. ಪ್ರವಾದಿ ತೀರಿಕೊಂಡ ಕೂಡಲೇ ಹಲವು ಬುಡಕಟ್ಟುಗಳು ಝಕಾತ್ (ಮುಸ್ಲಿಮರ ಕಡ್ಡಾಯ ದಾನ) ಕೊಡುವುದಿಲ್ಲ ಎಂದು ತಿರುಗಿಬಿದ್ದಾಗ ಮೊದಲ ಖಲೀಫ ಅಬೂಬಕ್ಕರ್ ಯುದ್ಧ ಮಾಡಿ ಅವರನ್ನು ಮತ್ತೆ ಹಿಡಿತಕ್ಕೆ ತಂದರು. ಅಲ್ಲಿ ರಾಜ್ಯಕ್ಕೆ ಸೇರುವುದೂ ಧರ್ಮಕ್ಕೆ ಸೇರುವುದೂ ಒಂದೇ ಆಗಿತ್ತು, ಕತ್ತಿಯ ಪಾತ್ರವೂ ನೇರವಾಗಿತ್ತು. ಅದೇ ಚಿತ್ರವನ್ನು ಸಿರಿಯಾ, ಇರಾಕ್, ಈಜಿಪ್ಟಿಗೂ ಅಂಟಿಸಿದಾಗ ಲೆಕ್ಕ ತಪ್ಪುತ್ತದೆ.

ಗೆಲುವು ಅಷ್ಟು ಬೇಗ ಸಿಕ್ಕಿದ್ದೇಕೆ ಎಂಬುದಕ್ಕೆ ಕಾರಣ ಎದುರಾಳಿಗಳ ಕಡೆಗೂ ಇದೆ. ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಮತ್ತು ಸಸಾನಿ ಮನೆತನದ ಪರ್ಷಿಯಾ 602ರಿಂದ 628ರವರೆಗೆ ಒಂದನ್ನೊಂದು ಅರೆದು ಹಣ್ಣು ಮಾಡಿದ್ದವು. 614ರಲ್ಲಿ ಜೆರುಸಲೇಮ್ ಪರ್ಷಿಯನ್ನರ ಪಾಲಾಯಿತು. 627ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಹೆರಾಕ್ಲಿಯಸ್ ನಿನೆವೆಯ ಬಳಿ ಅವರ ಸೈನ್ಯವನ್ನು ಮುರಿದ. ಮರುವರ್ಷ ಪರ್ಷಿಯಾದ ದೊರೆ ಖುಸ್ರೋ ಕೊಲೆಯಾದ, ಮುಂದಿನ ನಾಲ್ಕು ವರ್ಷ ಪರ್ಷಿಯಾದ ಸಿಂಹಾಸನ ಕೈಯಿಂದ ಕೈಗೆ ಉರುಳಿತು. ಮರುಭೂಮಿಯ ಅಂಚನ್ನು ಕಾಯುತ್ತಿದ್ದ ಹೀರಾದ ಅರಬ್ ರಾಜಮನೆತನವನ್ನು ಪರ್ಷಿಯಾ ತಾನೇ ಕಿತ್ತುಹಾಕಿತ್ತು. ಇಂಥ ಹೊತ್ತಿನಲ್ಲಿ 636ರ ಯರ್ಮೂಕ್ ಕದನ ಅರಬರಿಗೆ ಸಿರಿಯಾವನ್ನು ತೆರೆಯಿತು, ಕಾದಿಸಿಯ್ಯಾ ಕದನ ಇರಾಕನ್ನು ತೆರೆಯಿತು. 642ರ ಹೊತ್ತಿಗೆ ಬೈಜಾಂಟಿಯಂ ಸೈನ್ಯ ಈಜಿಪ್ಟಿನ ಅಲೆಕ್ಸಾಂಡ್ರಿಯಾವನ್ನು ಖಾಲಿ ಮಾಡಿತ್ತು. ಕೊನೆಯ ಸಸಾನಿ ದೊರೆ ಯಜ್ದಗಿರ್ದ್ 651ರಲ್ಲಿ ಮರ್ವ್ ಬಳಿ ಸತ್ತ.

ಗೆದ್ದ ಮೇಲೆ ಊರಿನಲ್ಲಿ ಏನು ನಡೆಯಿತು ಎಂಬುದಕ್ಕೆ ಪುರಾವೆ ಬೇಕಾದರೆ ವಿಯೆನ್ನಾದ ಗ್ರಂಥಾಲಯದಲ್ಲಿರುವ ಒಂದು ಪಪೈರಸ್ ಹಾಳೆಯನ್ನು ನೋಡಬೇಕು. ಹಿಜರಿ 22ರ ಜುಮಾದಲ್ ಊಲಾ ತಿಂಗಳು, ಅಂದರೆ 643ರ ಏಪ್ರಿಲ್. ಈಜಿಪ್ಟಿನ ಹೆರಾಕ್ಲಿಯೊಪೊಲಿಸ್‌ನಲ್ಲಿ ಅಬ್ದುಲ್ಲಾ ಬಿನ್ ಜಾಬಿರ್ ಎಂಬ ದಳಪತಿ ತನ್ನ ಪಡೆಯ ಊಟಕ್ಕೆ 65 ಕುರಿ ತೆಗೆದುಕೊಂಡು ಕೊಟ್ಟ ರಸೀದಿ ಅದು. ಮೇಲೆ ಗ್ರೀಕ್, ಕೆಳಗೆ ಅರಬ್ಬಿ. ಕುರಿ ಕೊಟ್ಟವರು ಊರಿನ ಕ್ರೈಸ್ತ ಅಧಿಕಾರಿಗಳ ಕಡೆಯವರು. ಗ್ರೀಕ್ ಭಾಗವನ್ನು ಬರೆದವನು ಯೊಹಾನ್ನೆಸ್, ದಸ್ತಾವೇಜು ಬರೆಯುವವನು, ಜೊತೆಗೆ ಚರ್ಚಿನ ಡೀಕನ್, ಅಂದರೆ ಪಾದ್ರಿಯ ಕೆಳಗಿನ ಸೇವಕ. ಅರಬ್ಬಿ ಭಾಗ ಬಿಸ್ಮಿಲ್ಲಾದಿಂದ ಶುರುವಾಗುತ್ತದೆ, ಗ್ರೀಕ್ ಭಾಗವೂ ದೇವರ ಹೆಸರಿನಿಂದಲೇ. ಪ್ರವಾದಿ ತೀರಿಕೊಂಡು ಹನ್ನೊಂದೇ ವರ್ಷ. ಗೆದ್ದವರು ಕುರಿಗೆ ರಸೀದಿ ಕೊಡುತ್ತಿದ್ದಾರೆ, ಚರ್ಚಿನವನು ಲೆಕ್ಕ ಬರೆಯುತ್ತಿದ್ದಾನೆ. ರಾಜ್ಯ ಬದಲಾದರೂ ಶಾನುಭೋಗರು ಬದಲಾಗದಿದ್ದ ನಮ್ಮ ಹಳ್ಳಿಗಳ ಹಾಗೆಯೇ ಇದು. ಸರ್ಕಾರಿ ಕಡತಗಳು ಗ್ರೀಕ್ ಮತ್ತು ಪಹ್ಲವಿಯಿಂದ (ಸಸಾನಿಗಳ ಕಾಲದ ಪರ್ಷಿಯನ್) ಅರಬ್ಬಿಗೆ ಹೊರಳಿದ್ದು ಖಲೀಫ ಅಬ್ದುಲ್ ಮಲಿಕ್ (685–705) ಕಾಲದಿಂದ ಈಚೆಗೆ. ಇರಾಕಿನ ಬೆಳ್ಳಿ ನಾಣ್ಯಗಳ ಮೇಲೂ ಅಲ್ಲಿಯವರೆಗೆ ಸಸಾನಿ ದೊರೆಯ ಮುಖ, ಹಿಂಬದಿಯಲ್ಲಿ ಅಗ್ನಿವೇದಿಕೆ ಇದ್ದವು. ಅಂಚಿನಲ್ಲಿ ಮಾತ್ರ ಅರಬ್ಬಿಯಲ್ಲಿ ಬಿಸ್ಮಿಲ್ಲಾ.

ಇನ್ನು ದುಡ್ಡಿನ ವಿಷಯ. ಮತಾಂತರ ನಿಧಾನವಾದದ್ದಕ್ಕೆ ದೊಡ್ಡ ಕಾರಣ ಇಲ್ಲೇ ಇದೆ.

ಎರಡನೇ ಖಲೀಫ ಉಮರ್ (634–644) ಇರಾಕಿನ ಫಲವತ್ತಾದ ಬಯಲನ್ನು ಸೈನಿಕರಿಗೆ ಹಂಚಲಿಲ್ಲ. ಜಮೀನು ರೈತರ ಕೈಯಲ್ಲೇ ಉಳಿಯಿತು. ಅಳತೆ ಮಾಡಿಸಿ ಖರಾಜ್ ಎಂಬ ಭೂಕಂದಾಯ ಹಾಕಿದರು: ಒಂದು ವರದಿಯ ಪ್ರಕಾರ ಒಂದು ಜರೀಬ್ ಗೋಧಿ ಹೊಲಕ್ಕೆ 4 ದಿರ್ಹಂ, ಬಾರ್ಲಿಗೆ 2. ಜರೀಬ್ ಎಂದರೆ ನಮ್ಮ ಅಳತೆಯಲ್ಲಿ ಸುಮಾರು 16 ಗುಂಟೆ. ಇದರ ಮೇಲೆ ಮುಸ್ಲಿಮೇತರ ಗಂಡಸರಿಗೆ ತಲೆಗಂದಾಯ, ಅಂದರೆ ಜಿಜಿಯಾ. ಈಜಿಪ್ಟಿನಲ್ಲಿ ಸರಾಸರಿ ತಲೆಗೆ 2 ದೀನಾರ್. ಮುಂದೆ ಹನಫಿ ಕಾನೂನು ಪಂಡಿತರು ವರ್ಷಕ್ಕೆ ಸಿರಿವಂತರಿಗೆ 48, ಮಧ್ಯಮರಿಗೆ 24, ದುಡಿದು ತಿನ್ನುವವರಿಗೆ 12 ದಿರ್ಹಂ ಎಂದು ನಿಗದಿ ಮಾಡಿದರು. ಹೆಂಗಸರು, ಮಕ್ಕಳು, ದುಡಿಯಲಾಗದ ಬಡವರಿಗೆ ವಿನಾಯಿತಿ. ಹೀಗೆ ಬಂದ ಹಣ ದೀವಾನ್ ಎಂಬ ಪಟ್ಟಿಯಲ್ಲಿ ಹೆಸರಿದ್ದ ಅರಬ್ ಸೈನಿಕರಿಗೆ ಸಂಬಳವಾಗಿ ಹೋಗುತ್ತಿತ್ತು. ಆ ಸೈನಿಕರು ಹಳ್ಳಿಗಳಲ್ಲಿ ನೆಲೆಸಲಿಲ್ಲ. ಬಸ್ರಾ, ಕೂಫಾ, ಈಗಿನ ಕೈರೋ ಪಕ್ಕದ ಫುಸ್ತಾತ್ ಇವರಿಗೆಂದೇ ಕಟ್ಟಿದ ದಂಡಿನ ಊರುಗಳು.

ಈಗ ಒಬ್ಬ ರೈತ ಮುಸ್ಲಿಮನಾಗುತ್ತೇನೆ ಎಂದು ಬಂದ ಎನ್ನಿ. ಅವನ ಜಿಜಿಯಾ ಖಜಾನೆಗೆ ಬರುವುದು ನಿಲ್ಲಬೇಕು. ಅವನು ದಂಡಿನ ಊರಿಗೆ ಬಂದು ದೀವಾನ್‌ನಲ್ಲಿ ಹೆಸರು ಬರೆಸಿದರೆ ಖಜಾನೆಯೇ ಅವನಿಗೆ ಸಂಬಳ ಕೊಡಬೇಕು. ಆಳುವವರಿಗೆ ಎರಡು ಕಡೆಯಿಂದಲೂ ನಷ್ಟ. ಹಾಗಾಗಿ ಮುಂದೆ ಆಳಿದ ಉಮಯ್ಯದ್ ಖಲೀಫ ಮನೆತನದ ಅಧಿಕಾರಿಗಳು ಮತಾಂತರಕ್ಕೆ ಒತ್ತಾಯ ಮಾಡುವುದಿರಲಿ, ಬಾಗಿಲಲ್ಲೇ ತಡೆದದ್ದುಂಟು. ಅರಬನಲ್ಲದವನು ಮುಸ್ಲಿಮನಾಗಬೇಕಾದರೆ ಯಾವುದಾದರೂ ಅರಬ್ ಬುಡಕಟ್ಟಿನ ಆಸರೆ ಹಿಡಿದು ‘ಮೌಲಾ’ ಆಗಬೇಕಿತ್ತು, ಆದ ಮೇಲೂ ಸಂಬಳದಲ್ಲಿ, ಮದುವೆ ಸಂಬಂಧದಲ್ಲಿ ಕೆಳಗಿನ ಮಣೆಯೇ. ಇರಾಕಿನ ರಾಜ್ಯಪಾಲ ಹಜ್ಜಾಜ್ (694–714) ಮತಾಂತರವಾಗಿ ಬಸ್ರಾಕ್ಕೆ ಬಂದಿದ್ದ ರೈತರನ್ನು ಹಿಡಿಸಿ, ಕೈಮೇಲೆ ಅವರವರ ಹಳ್ಳಿಯ ಹೆಸರಿನ ಗುರುತು ಹಾಕಿಸಿ ಹೊಲಕ್ಕೆ ವಾಪಸು ಅಟ್ಟಿದ ಎಂದು ಅರಬ್ ಚರಿತ್ರೆಕಾರರೇ ಬರೆದಿದ್ದಾರೆ. ಜಿಜಿಯಾ ವಸೂಲಿಯೂ ನಿಲ್ಲಲಿಲ್ಲ.

ಇದು ಧರ್ಮಕ್ಕೇ ವಿರುದ್ಧ ಎಂದು ಕಂಡದ್ದು ಅದೇ ಹೆಸರಿನ ಉಮಯ್ಯದ್ ಖಲೀಫ, ಎರಡನೇ ಉಮರ್‌ಗೆ (717–720). ಮುಸ್ಲಿಮನಾದವನಿಂದ ಜಿಜಿಯಾ ತೆಗೆಯಕೂಡದು ಎಂದು ಅವರು ಆಜ್ಞೆ ಹೊರಡಿಸಿದರು. ಇರಾನಿನ ಈಶಾನ್ಯದ ಖುರಾಸಾನಿನಲ್ಲಿ ಜನ ಬರತೊಡಗಿದಾಗ, ಇವರೆಲ್ಲ ತೆರಿಗೆ ತಪ್ಪಿಸಿಕೊಳ್ಳಲು ಬಂದವರು, ಸುನ್ನತಿ ಆಗಿದೆಯೇ ಎಂದು ಪರೀಕ್ಷೆ ಮಾಡಬೇಕು ಎಂಬ ಸಲಹೆ ಬಂತು. ದೇವರು ಮುಹಮ್ಮದರನ್ನು ಕಳಿಸಿದ್ದು ಜನರನ್ನು ಕರೆಯುವುದಕ್ಕೆ, ಸುನ್ನತಿ ಮಾಡುವುದಕ್ಕಲ್ಲ ಎಂದು ಉಮರ್ ಉತ್ತರಿಸಿದರೆಂದು ಚರಿತ್ರೆಕಾರ ತಬರಿ ದಾಖಲಿಸಿದ್ದಾರೆ. ಅವರು ಆಳಿದ್ದು ಮೂರು ವರ್ಷಕ್ಕೂ ಕಡಿಮೆ. ಮುಂದಿನವರು ಮತ್ತೆ ಹಳೆಯ ದಾರಿ ಹಿಡಿದರು. 728ರ ಸುಮಾರಿಗೆ ಸಮರಕಂದದ ಕಡೆ ವಿನಾಯಿತಿಯ ಮಾತು ಕೊಟ್ಟು, ಜನ ಹೆಚ್ಚಾಗಿ ಬಂದಾಗ ಮಾತು ತಪ್ಪಿದ್ದರಿಂದ ದಂಗೆಯೇ ಎದ್ದಿತು. ಕೊನೆಗೆ ಖುರಾಸಾನಿನ ರಾಜ್ಯಪಾಲ ನಸ್ರ್ ಬಿನ್ ಸಯ್ಯಾರ್ ಲೆಕ್ಕ ತೆಗೆಸಿದಾಗ 30,000 ಮುಸ್ಲಿಮರು ಜಿಜಿಯಾ ಕಟ್ಟುತ್ತಿದ್ದರು, 80,000 ಮುಸ್ಲಿಮೇತರರು ಕಟ್ಟದೆ ತಪ್ಪಿಸಿಕೊಂಡಿದ್ದರು ಎಂದು ಅದೇ ತಬರಿ ಹೇಳುತ್ತಾರೆ. ಪಟ್ಟಿ ಬರೆಯುತ್ತಿದ್ದವರು ಊರಿನ ಹಳೆಯ ಜಮೀನ್ದಾರರು, ತಮ್ಮವರನ್ನು ಬಿಟ್ಟು ಉಳಿದವರ ಮೇಲೆ ಹೊರೆ ಹಾಕುತ್ತಿದ್ದರು. ನಸ್ರ್ ಹಾಕಿದ ನಿಯಮ ಸರಳ: ಜಿಜಿಯಾ ಆಳಿಗೆ, ಖರಾಜ್ ಜಮೀನಿಗೆ. ಆಳು ಮುಸ್ಲಿಮನಾದರೆ ಜಿಜಿಯಾ ಹೋಗುತ್ತದೆ, ಜಮೀನು ಯಾರದ್ದಾದರೂ ಖರಾಜ್ ಉಳಿಯುತ್ತದೆ. ಇಂಥ ವ್ಯವಸ್ಥೆ ನೆಲೆಯೂರಿದಂತೆ ಮತಾಂತರದಿಂದ ಖಜಾನೆಗೆ ಬೀಳುವ ಹೊಡೆತ ಕಡಿಮೆಯಾಯಿತು. 750ರಲ್ಲಿ ಮೌಲಾಗಳ ಬೆಂಬಲವನ್ನೂ ಪಡೆದು ಉಮಯ್ಯದರನ್ನು ಇಳಿಸಿ ಅಬ್ಬಾಸಿ ಮನೆತನದವರು ಗದ್ದುಗೆ ಏರಿದ ಮೇಲೆ ಅರಬ್ ಎಂಬ ಹುಟ್ಟಿನ ತೂಕವೂ ಇಳಿಯಿತು.

ವೇಗವನ್ನು ಅಳೆದದ್ದು ಹೇಗೆ? ಆ ಕಾಲಕ್ಕೆ ಜನಗಣತಿ ಇರಲಿಲ್ಲ. ಇತಿಹಾಸಕಾರ ರಿಚರ್ಡ್ ಬುಲಿಯೆಟ್ ಹಿಡಿದ ದಾರಿ ವಂಶಾವಳಿ. ಹದೀಸ್ (ಪ್ರವಾದಿಯ ನಡೆನುಡಿಗಳ ವರದಿ) ಸಂಗ್ರಹಕಾರ ಬುಖಾರಿ (810–870) ಅವರ ಪೂರ್ತಿ ಹೆಸರು ನೋಡಿ: ಮುಹಮ್ಮದ್ ಬಿನ್ ಇಸ್ಮಾಯಿಲ್ ಬಿನ್ ಇಬ್ರಾಹಿಂ ಬಿನ್ ಮುಘೀರಾ ಬಿನ್ ಬರ್ದಿಜ್‌ಬಾ, ಅಲ್ ಜುಅಫಿ. ಬರ್ದಿಜ್‌ಬಾ ಅರಬ್ಬಿ ಹೆಸರಲ್ಲ, ಆತ ಜರತುಷ್ಟ್ರ ಮತದವನು. ಮಗ ಮುಘೀರಾ ಬುಖಾರಾದ ಅಧಿಕಾರಿಯೊಬ್ಬನ ಕೈಯಲ್ಲಿ ಮುಸ್ಲಿಮನಾದ. ಆ ಅಧಿಕಾರಿ ಜುಅಫಿ ಬುಡಕಟ್ಟಿನವನು, ಅದಕ್ಕೇ ಮನೆತನಕ್ಕೆ ಆ ಹೆಸರು ಅಂಟಿತು. ಪರ್ಷಿಯನ್ ಹೆಸರು ನಿಂತು ಮುಸ್ಲಿಮ್ ಹೆಸರು ಶುರುವಾಗುವ ತಲೆಮಾರೇ ಆ ಮನೆ ಮತಾಂತರವಾದ ಕಾಲ. ಇಂಥ ನೂರಾರು ವಂಶಾವಳಿಗಳನ್ನು ಜೋಡಿಸಿದಾಗ ಕಂಡದ್ದು: 750ರ ಹೊತ್ತಿಗೆ ಇರಾನಿನಲ್ಲಿ ಹತ್ತರಲ್ಲಿ ಒಂದು ಪಾಲೂ ಮುಸ್ಲಿಮರಲ್ಲ, ಒಂಬತ್ತನೇ ಶತಮಾನದಲ್ಲಿ ದೊಡ್ಡ ಏರಿಕೆ. ಈ ವಿಧಾನಕ್ಕೂ ಮಿತಿ ಇದೆ. ಗ್ರಂಥಗಳಲ್ಲಿ ಹೆಸರು ಬಂದವರು ಪಟ್ಟಣದ ವಿದ್ವಾಂಸರು. ಹಳ್ಳಿಯವರು ಇನ್ನೂ ಹಿಂದೆ ಇದ್ದಿರಬೇಕು.

ಹಾಗಾದರೆ ಒತ್ತಾಯ ಇರಲೇ ಇಲ್ಲವೇ? ಇತ್ತು. ‘ಧರ್ಮದಲ್ಲಿ ಬಲವಂತವಿಲ್ಲ’ ಎಂಬ ಕುರಾನ್ ವಚನವನ್ನು (2:256) ಮುಂದಿಟ್ಟು ಎಲ್ಲವೂ ಶಾಂತವಾಗಿತ್ತು ಎನ್ನುವವರು ಯುದ್ಧದ ಸೆರೆಯಾಳುಗಳನ್ನು ಮರೆಯುತ್ತಾರೆ. ಗುಲಾಮರಾಗಿ ಅರಬ್ ಮನೆ ಸೇರಿದವರಲ್ಲಿ, ಅವರ ಮಕ್ಕಳಲ್ಲಿ ಮತಾಂತರ ಬಹಳ ಬೇಗ ಆಯಿತು. ಈಜಿಪ್ಟಿನ ಕಾಪ್ಟ್ ಕ್ರೈಸ್ತರು ತೆರಿಗೆ ತಾಳಲಾರದೆ ಎಂಟನೇ ಶತಮಾನದಲ್ಲಿ ಮತ್ತೆ ಮತ್ತೆ ದಂಗೆ ಎದ್ದರು. 832ರಲ್ಲಿ ಖಲೀಫ ಮಾಮೂನ್ ತಾನೇ ಬಂದು ಕೊನೆಯ ದೊಡ್ಡ ದಂಗೆಯನ್ನು ಕಠೋರವಾಗಿ ಅಡಗಿಸಿದ. 850ರಲ್ಲಿ ಖಲೀಫ ಮುತವಕ್ಕಿಲ್ ಮುಸ್ಲಿಮೇತರರಿಗೆ ಬೇರೆ ಬಣ್ಣದ ಉಡುಪು ಕಡ್ಡಾಯ ಮಾಡಿದ. ಇವೆಲ್ಲ ತೂಕ ಕೂಡಿದವು. ಆದರೂ ಈಜಿಪ್ಟಿನಲ್ಲಿ ಹದಿನಾಲ್ಕನೇ ಶತಮಾನದಲ್ಲೂ ದೊಡ್ಡ ಪ್ರಮಾಣದ ಮತಾಂತರ ನಡೆಯುತ್ತಲೇ ಇತ್ತು, ಅಂದರೆ ಗೆದ್ದು 700 ವರ್ಷ ಕಳೆದ ಮೇಲೆ. ಕಾಪ್ಟರು ಇವತ್ತಿಗೂ ಅಲ್ಲಿದ್ದಾರೆ. ಬಹುಪಾಲು ಮನೆಗಳಲ್ಲಿ ತೆರಿಗೆ, ಸರ್ಕಾರಿ ನೌಕರಿ, ಪೇಟೆಯ ವ್ಯಾಪಾರ, ಮದುವೆ, ನಂಬಿಕೆ ಎಲ್ಲವೂ ಬೆರೆತಿದ್ದವು. ಒಂದೇ ಕಾರಣ ಹುಡುಕುವುದು ವ್ಯರ್ಥ ಎಂದೇ ನಮ್ಮ ಅಭಿಪ್ರಾಯ.

ಸೈನ್ಯ ಹೋಗದ ಕಡೆಯೂ ಧರ್ಮ ಹೋಯಿತು. ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ಇಂಡೊನೇಷ್ಯಾಕ್ಕೆ ಅರಬ್ ದಂಡು ಕಾಲಿಡಲೇ ಇಲ್ಲ. ಸುಮಾತ್ರಾದ ಪಸಾಯಿಯಲ್ಲಿರುವ ಸುಲ್ತಾನನ ಗೋರಿಕಲ್ಲು 1297ರದ್ದು. ನಮ್ಮ ಪಡುವಣ ಕರಾವಳಿಯದೂ ಹಡಗಿನ ಕತೆಯೇ. ಮಾನ್ಯಖೇಟದ ರಾಷ್ಟ್ರಕೂಟರನ್ನು ಅರಬರು ‘ಬಲ್ಹರಾ’, ಅಂದರೆ ವಲ್ಲಭರಾಜ, ಎಂದು ಕರೆಯುತ್ತಿದ್ದರು. ಅವರ ರಾಜ್ಯದ ಚೌಲ್ ಬಂದರಿಗೆ ಹಿಜರಿ 304ರಲ್ಲಿ (916) ಬಂದ ಅರಬ್ ಪ್ರವಾಸಿ ಮಸೂದಿ ಅಲ್ಲಿ ಸುಮಾರು 10,000 ಮುಸ್ಲಿಮರಿದ್ದಾರೆ, ಮಸೀದಿಗಳಿವೆ, ರಾಜನ ರಕ್ಷಣೆ ಇದೆ ಎಂದು ಬರೆದ. 926ರ ಚಿಂಚಣಿ ತಾಮ್ರಶಾಸನದಲ್ಲಿ ಸಂಜಾಣ ಪ್ರಾಂತ್ಯವನ್ನು ರಾಷ್ಟ್ರಕೂಟರ ಕೈಕೆಳಗೆ ಆಳುತ್ತಿದ್ದವನು ‘ಮಧುಮತಿ’ ಎಂಬ ತಾಜಿಕ, ಅಂದರೆ ಮುಹಮ್ಮದ್ ಎಂಬ ಅರಬ. ಶಾಸನವಾದರೋ ದೇವಿಯ ಮಠವೊಂದಕ್ಕೆ ದತ್ತಿ ಬಿಟ್ಟದ್ದು! ಹೊನ್ನಾವರಕ್ಕೆ 1342ರ ಸುಮಾರಿಗೆ ಬಂದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಎಣಿಸಿದ. ದೆಹಲಿಯ ದಂಡು ಮಲಿಕ್ ಕಾಫೂರನ ಕೈಕೆಳಗೆ ದ್ವಾರಸಮುದ್ರ ಮುಟ್ಟಿದ್ದು 1311ರಲ್ಲಿ. ಮಸೂದಿ ಚೌಲ್‌ನಲ್ಲಿ ಇಳಿದದ್ದು ಅದಕ್ಕೂ ಸುಮಾರು 400 ವರ್ಷ ಮೊದಲು.