ವೇಷ ಕಳಚುವ ಪೀರಿಯಡ್

“ಬರ ಬಿದ್ದ ವರ್ಷ ಎಷ್ಟು ನೀರು ಬಿಡ್ತೀರಿ? ಅದೊಂದು ಲೆಕ್ಕ ಹೇಳಿ, ಮಿಕ್ಕಿದ್ದು ಆಮೇಲೆ ಮಾತಾಡೋಣ.”

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಈಜಿಪ್ಟಿನ ನೀರಾವರಿ ಸಚಿವೆಯ ಜಾಗದಲ್ಲಿ ಕುಳಿತು ಹೀಗೆ ಕೇಳಿದಾಗ, ಎದುರು ಬೆಂಚಿನಲ್ಲಿದ್ದ ಇಥಿಯೋಪಿಯದ ಐವರೂ ತಮ್ಮ ಹಾಳೆಗಳನ್ನು ತಿರುವಿ ಹಾಕತೊಡಗಿದರು. ಹಾಳೆಯಲ್ಲಿ ಉತ್ತರವಿರಲಿಲ್ಲ. ನೈಲ್ ನದಿಯ ಅಣೆಕಟ್ಟಿನ ಬಗ್ಗೆ ಆ ದೇಶಗಳ ನಿಜವಾದ ಮಾತುಕತೆಯೂ ವರ್ಷಗಟ್ಟಲೆ ಸಿಕ್ಕಿಕೊಂಡದ್ದು ಆ ಪ್ರಶ್ನೆಯಲ್ಲೇ. ಹುಡುಗಿಯ ಅಜ್ಜನ ಗದ್ದೆ ಮಂಡ್ಯದ ಕಡೆ, ವಿ.ಸಿ. ನಾಲೆಯ ಬಯಲಿನಲ್ಲಿದೆ. ಕಾವೇರಿಯ ಮಾತು ಬಂದಾಗಲೆಲ್ಲ ಮೇಲ್ದಂಡೆಯವರ ಸಂಕಟವನ್ನೇ ಕೇಳುತ್ತ ಬೆಳೆದ ಮಗು ಅಂದು ಕೆಳದಂಡೆಯವರ ದಿಗಿಲನ್ನು ಆಡಿ ತೋರಿಸಿತು.

ಬೆಂಗಳೂರಿನ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ಬಂದಿರುವ ನಾನು, ಅಂತರರಾಷ್ಟ್ರೀಯ ವಿವಾದಗಳನ್ನು ಪಾತ್ರಾಭಿನಯದ ಮೂಲಕ ಪಾಠ ಮಾಡುವುದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಶಾಲೆಗಳಿಗೆ ಚರ್ಚಾಸ್ಪರ್ಧೆ ಹೊಸತಲ್ಲ. ಆದರೆ ಪರ ಮತ್ತು ವಿರೋಧ ಎಂಬ ಎರಡೇ ಸಾಲು ಇರುವ ಆ ಸ್ಪರ್ಧೆಯಲ್ಲಿ ಗೆಲ್ಲಬೇಕಾದ ಮಗು ಎದುರಾಳಿಯ ಮಾತನ್ನು ತುಂಡರಿಸುವುದಕ್ಕಷ್ಟೇ ಕೇಳಿಸಿಕೊಳ್ಳುತ್ತದೆ. ನನಗೆ ಬೇಕಾದದ್ದು ತಾಳಮದ್ದಳೆಯ ಅರ್ಥಧಾರಿಯ ಕಸುಬು. ನಿನ್ನೆ ಕೃಷ್ಣನಾಗಿ ಸಂಧಾನ ಮಾಡಿದವನೇ ಇಂದು ಕೌರವನಾಗಿ ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದು ವಾದಿಸುತ್ತಾನೆ, ಮತ್ತು ಆ ವಾದವನ್ನು ಅದರ ಪೂರ್ತಿ ಬಲದೊಡನೆ ಮಂಡಿಸುವುದು ತನ್ನ ಕರ್ತವ್ಯವೆಂದು ತಿಳಿದಿರುತ್ತಾನೆ.

ನೈಲ್ ನದಿಯ ವಿವಾದವನ್ನು ನಾನು ಆರಿಸಿಕೊಂಡದ್ದು ಅದು ದೂರದ್ದು ಮತ್ತು ನಮ್ಮದೇ ಕಥೆಯನ್ನು ಹೋಲುವಂಥದ್ದು ಎಂಬ ಎರಡೂ ಕಾರಣಗಳಿಗಾಗಿ. ಇಥಿಯೋಪಿಯ 2011ರಲ್ಲಿ ನೀಲಿ ನೈಲ್ ನದಿಗೆ, ಸುಡಾನ್ ಗಡಿಯ ಹತ್ತಿರ, ದೊಡ್ಡ ಅಣೆಕಟ್ಟು ಕಟ್ಟಲು ಶುರುಮಾಡಿತು. 2020ರ ಮಳೆಗಾಲದಲ್ಲಿ ನೀರು ತುಂಬಿಸತೊಡಗಿತು. 2025ರ ಸೆಪ್ಟೆಂಬರ್‌ನಲ್ಲಿ ಅಣೆಕಟ್ಟು ಉದ್ಘಾಟನೆಯಾದಾಗಲೂ ಕೆಳಗಿನ ದೇಶಗಳೊಡನೆ ಕಟ್ಟುಪಾಡಿನ ಒಪ್ಪಂದ ಆಗಿರಲಿಲ್ಲ. ಜಲಾಶಯದ ಸಾಮರ್ಥ್ಯ 74 ಶತಕೋಟಿ ಘನ ಮೀಟರ್. ಈ ಸಂಖ್ಯೆ ಮಕ್ಕಳಿಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ ಅದನ್ನು ಟಿಎಂಸಿಗೆ ತಿರುಗಿಸಿ ಎಂದೆ. ಬೋರ್ಡಿನ ಮೇಲೆ ಸುಮಾರು 2,600 ಟಿಎಂಸಿ ಎಂದು ಬಂತು. ಕೆಆರ್‌ಎಸ್ ಸಾಮರ್ಥ್ಯ 49.45 ಟಿಎಂಸಿ ಎಂದು ಗೊತ್ತಿದ್ದ ಒಬ್ಬ ಹುಡುಗ ಭಾಗಿಸಿ ನೋಡಿ, “ಐವತ್ಮೂರು ಕನ್ನಂಬಾಡಿ, ಮಿಸ್!” ಎಂದು ಕೂಗಿದ. ಆ ಕ್ಷಣದಿಂದ ನೈಲ್ ಅವರಿಗೆ ಭೂಪಟದ ನೀಲಿ ಗೆರೆಯಾಗಿ ಉಳಿಯಲಿಲ್ಲ.

ಪಾತ್ರದ ಚೀಟಿಯಲ್ಲಿ ಪ್ರತಿ ನಿಯೋಗದ ಅಗತ್ಯ, ಭಯ ಮತ್ತು ಬಿಟ್ಟುಕೊಡಬಹುದಾದದ್ದು ಇಷ್ಟನ್ನು ಬರೆದಿರುತ್ತೇನೆ. ಈಜಿಪ್ಟ್‌ನ ಸಿಹಿನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬರುವುದು ನೈಲ್‌ನಿಂದ. 1959ರ ಒಪ್ಪಂದ ಅದಕ್ಕೆ ವರ್ಷಕ್ಕೆ 55.5 ಶತಕೋಟಿ ಘನ ಮೀಟರ್ ಮತ್ತು ಸುಡಾನ್‌ಗೆ 18.5 ಶತಕೋಟಿ ಎಂದು ಹಂಚಿತ್ತು. ಆ ನೀರಿನ ಬಹುಪಾಲು ಹುಟ್ಟುವ ಇಥಿಯೋಪಿಯ ಮಾತ್ರ ಅದರಲ್ಲಿ ಸಹಿದಾರನೇ ಅಲ್ಲ. ಅಲ್ಲಿನ ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಇನ್ನೂ ವಿದ್ಯುತ್ ಇಲ್ಲ, ಮತ್ತು ಅಣೆಕಟ್ಟಿನ ಬಾಂಡ್‌ಗಳನ್ನು ಕೊಂಡವರಲ್ಲಿ ಸಾಮಾನ್ಯ ನೌಕರರೂ ಇದ್ದಾರೆ. ನಡುವಿನ ಸುಡಾನ್‌ನ ಚೀಟಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಮೇಲೆ ಅಣೆಕಟ್ಟಾದರೆ ಅದಕ್ಕೆ ಪ್ರವಾಹ ತಗ್ಗುತ್ತದೆ, ಕರೆಂಟೂ ಸಿಗಬಹುದು, ಆದರೆ ಹೇಳದೆ ಕೇಳದೆ ನೀರು ಬಿಟ್ಟರೆ ತನ್ನ ರೋಸೇರಿಸ್ ಅಣೆಕಟ್ಟಿನ ಗತಿಯೇನು ಎಂಬ ಹೆದರಿಕೆಯೂ ಇದೆ. ವಿವಾದಕ್ಕೆ ಎರಡೇ ಮಗ್ಗುಲಿಲ್ಲವೆಂದು ನಾನು ಉಪನ್ಯಾಸ ಕೊಡಬೇಕಾಗುವುದಿಲ್ಲ, ಸುಡಾನ್‌ನ ಮಕ್ಕಳೇ ಅದನ್ನು ತೋರಿಸುತ್ತಾರೆ. ಅಂದೂ ಬಿಕ್ಕಟ್ಟು ಸ್ವಲ್ಪ ಸಡಿಲಗೊಂಡದ್ದು ಅವರಿಂದಲೇ. “ಒಪ್ಪಂದ ಆದಾಗ ಆಗಲಿ, ಅಲ್ಲೀವರೆಗೆ ದಿನಾ ಎಷ್ಟು ಬಿಟ್ರಿ ಅನ್ನೋ ಲೆಕ್ಕನಾದ್ರೂ ಕಳಿಸಿ” ಎಂದು ಅವರು ಇಥಿಯೋಪಿಯದವರನ್ನು ಒಪ್ಪಿಸಿದರು.

ಇದಕ್ಕೆಲ್ಲ ನಾಲ್ಕು ಪೀರಿಯಡ್ ಬೇಕು: ತಯಾರಿಗೆ ಒಂದು, ಮಾತುಕತೆಗೆ ಎರಡು, ಮುಗಿದ ಮೇಲಿನ ಮಾತಿಗೆ ಒಂದು. ತಯಾರಿಯ ಹೊತ್ತಿನಲ್ಲಿ ಮಕ್ಕಳು ತಂತಮ್ಮ ಮನೆಮಾತಿನಲ್ಲೇ ಚರ್ಚಿಸಲಿ ಎಂದು ಬಿಡುತ್ತೇನೆ, ಏಕೆಂದರೆ ಅರ್ಥವಾಗದ ವಾದವನ್ನು ಉರು ಹೊಡೆದು ಒಪ್ಪಿಸುವುದರಿಂದ ಪ್ರಯೋಜನವಿಲ್ಲ. ಎದ್ದು ನಿಂತು ಮಾತನಾಡಲು ಅಂಜುವವರಿಗೆ ಕರಡು ಬರೆಯುವ ಕೆಲಸ ಕೊಡುತ್ತೇನೆ. ಬಹಳ ಸಲ ಕೊನೆಯ ವಾಕ್ಯಗಳು ರೂಪುಗೊಳ್ಳುವುದು ಅವರ ಕೈಯಲ್ಲೇ.

ಯಾವ ಪಾತ್ರ ಯಾರಿಗೆ ಎಂಬುದರಲ್ಲಿ ನಾನೊಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಒಂದು ಶಾಲೆಯಲ್ಲಿ, ಪಶ್ಚಿಮ ಏಷ್ಯಾದ ಸಂಘರ್ಷವನ್ನು ಪಾತ್ರಾಭಿನಯಕ್ಕೆ ತೆಗೆದುಕೊಂಡಾಗ, ಚೆನ್ನಾಗಿ ಮಾತನಾಡಬಲ್ಲನೆಂಬ ನೆಪದಲ್ಲಿ ಒಬ್ಬ ಹುಡುಗನಿಗೆ ಅವನ ಧರ್ಮಕ್ಕೆ ಹೊಂದುವಂಥ ಪಾತ್ರವನ್ನೇ ಕೊಟ್ಟೆ. ಅವನು ಎರಡು ವಾಕ್ಯ ಹೇಳಿ ಸುಮ್ಮನಾದ. ಆಮೇಲೆ ಹಲವು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಉಳಿದ ಮಕ್ಕಳು ಅವನನ್ನು ಪಾತ್ರದ ಹೆಸರಿನಿಂದಲೇ ಕೂಗುತ್ತಿದ್ದರು, ಅವನು ಡಬ್ಬಿ ತೆಗೆದುಕೊಂಡು ಬೇರೆ ಕಡೆ ಹೋಗಿ ಕೂರುತ್ತಿದ್ದ. ನಾನು ಅವನಿಗೆ ಪಾತ್ರವನ್ನೇ ಕೊಟ್ಟಿರಲಿಲ್ಲ. ಇಡೀ ಸಮುದಾಯದ ಪರವಾಗಿ ಜವಾಬು ಹೇಳುವ ಹೊರೆಯನ್ನು ಹದಿನಾಲ್ಕು ವರ್ಷದ ಮಗುವಿನ ತಲೆಯ ಮೇಲೆ ಇಟ್ಟಿದ್ದೆ. ಅವನ ಕ್ಷಮೆ ಕೇಳಿದೆ. ಅಂದಿನಿಂದ ಯಾವ ಮಗುವಿಗೂ ಅದರ ಜಾತಿ, ಧರ್ಮ, ಭಾಷೆಗೆ ಅಂಟಿಕೊಳ್ಳುವ ಪಾತ್ರವನ್ನು ಕೊಟ್ಟಿಲ್ಲ. ಸಾಧ್ಯವಾದಷ್ಟೂ ಮಗುವಿನ ಒಲವಿಗೆ ಎದುರಾದ ಪಾತ್ರವನ್ನೇ ಕೊಡುತ್ತೇನೆ, ಬೇಡವೆನ್ನುವ ಹಕ್ಕನ್ನೂ ಜೊತೆಗೇ ಕೊಡುತ್ತೇನೆ.

ಇನ್ನೂ ಎರಡು ವಿಷಯಗಳಲ್ಲಿ ನಾನು ಕಟ್ಟುನಿಟ್ಟು. ಮಾತುಕತೆಯ ಮೇಜನ್ನು ಮಾತ್ರ ಅಭಿನಯಿಸಬೇಕು. ಕೊಲೆ, ಹಲ್ಲೆ, ನಿರಾಶ್ರಿತರ ಶಿಬಿರದ ಅಳು, ಇವು ತರಗತಿಯ ನಾಟಕವಾಗಕೂಡದು. ಹಾಗೆಯೇ ಇತಿಹಾಸ ಇತ್ಯರ್ಥ ಮಾಡಿರುವ ಸತ್ಯಗಳಿಗೆ ಪರ-ವಿರೋಧದ ಪಾತ್ರ ಹಂಚಬಾರದು. ನಾಜಿಗಳು ಯಹೂದಿಗಳ ನರಮೇಧ ನಡೆಸಿದರೋ ಇಲ್ಲವೋ ಎಂಬುದು ಚರ್ಚೆಯ ವಿಷಯವಲ್ಲ, 1994ರಲ್ಲಿ ರುವಾಂಡದಲ್ಲಿ ನಡೆದದ್ದು ನರಮೇಧವೋ ಅಲ್ಲವೋ ಎಂಬುದೂ ಚರ್ಚೆಯ ವಿಷಯವಲ್ಲ.

ಪೋಷಕರು ಕೇಳುವ ಮೊದಲ ಪ್ರಶ್ನೆ ಇದು ಪರೀಕ್ಷೆಗೆ ಬರುತ್ತದೆಯೇ ಎಂಬುದು. ವಿಶ್ವಸಂಸ್ಥೆಯ ಪಾಠಕ್ಕೂ ಇದಕ್ಕೂ ಇರುವ ನಂಟನ್ನು ತೋರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇದೇ ಅಣೆಕಟ್ಟಿನ ವಿಷಯ 2020 ಮತ್ತು 2021ರಲ್ಲಿ ಭದ್ರತಾ ಮಂಡಳಿಯ ಮುಂದೆ ಬಂದಿತ್ತು.

ಸಮಯ ಸಾಲದೆಂದು ಅನೇಕ ಸಹೋದ್ಯೋಗಿಗಳು ಬಿಟ್ಟುಬಿಡುವುದು ನಾಲ್ಕನೆಯ ಪೀರಿಯಡನ್ನು. ಅದನ್ನು ಬಿಡುವುದಾದರೆ ಮೊದಲ ಮೂರನ್ನೂ ಮಾಡದಿರುವುದೇ ಲೇಸು. ಯಕ್ಷಗಾನದ ಕಲಾವಿದ ಚೌಕಿಗೆ ಮರಳಿ ಬಣ್ಣ ಒರೆಸಿಕೊಳ್ಳುವ ಹಾಗೆ, ಮಕ್ಕಳು ಮೊದಲು ಕೊರಳಿನ ಪಾತ್ರದ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು, ತಮ್ಮ ನಿಜವಾದ ಹೆಸರು ಹೇಳಿ, ತಮ್ಮ ಎಂದಿನ ಜಾಗಕ್ಕೆ ಹೋಗಿ ಕೂರುತ್ತಾರೆ. ಆಮೇಲೆ ಕೇಳುತ್ತೇನೆ: ನಿಮ್ಮ ಪಾತ್ರ ಆಡಿದ ಯಾವ ಮಾತನ್ನು ನೀವು ಒಪ್ಪುವುದಿಲ್ಲ? ಎದುರಿನವರ ಯಾವ ಮಾತು ನಿಮ್ಮನ್ನು ತಡೆದು ನಿಲ್ಲಿಸಿತು? ನನ್ನ ಅಭಿಪ್ರಾಯವನ್ನು ಮಕ್ಕಳು ಕೇಳಿದರೆ ಎಲ್ಲರೂ ಮಾತನಾಡಿದ ಮೇಲೆ, ಅದು ನನ್ನ ಅಭಿಪ್ರಾಯ ಮಾತ್ರವೆಂದು ತಿಳಿಸಿಯೇ ಹೇಳುತ್ತೇನೆ.

ಕಾವೇರಿಯ ಹೆಸರನ್ನು ನಾನಾಗಿ ಎತ್ತುವುದಿಲ್ಲ. ಮನೆಯಲ್ಲಿ ತಮಿಳು ಮಾತನಾಡುವ ಮಕ್ಕಳೂ ತರಗತಿಯಲ್ಲಿದ್ದಾರೆ. 1991 ಮತ್ತು 2016ರ ಕಾವೇರಿ ಗಲಭೆಗಳಲ್ಲಿ ಈ ಊರಿನಲ್ಲಿ ಏನು ನಡೆಯಿತೆಂದು ಅವರ ಮನೆಗಳಲ್ಲಿ ಮರೆತಿಲ್ಲ. ಆದರೆ ಆ ಮಾತು ಪ್ರತಿ ಸಲವೂ ತಾನಾಗಿ ಬರುತ್ತದೆ. “ಮಿಸ್, ನಾವು ಇಥಿಯೋಪಿಯ ಅಲ್ವಾ?” ಎಂದು ಆ ದಿನ ಒಬ್ಬ ಕೇಳಿದ. ಆಗ 1924ರ ಮೈಸೂರು-ಮದ್ರಾಸು ಒಪ್ಪಂದ, 2018ರ ಸುಪ್ರೀಂ ಕೋರ್ಟ್ ತೀರ್ಪು, ಮಳೆ ಕೈಕೊಟ್ಟ ವರ್ಷ ನೀರು ಹಂಚುವ ಸಂಕಷ್ಟ ಸೂತ್ರ ಎಲ್ಲವನ್ನೂ ಬೋರ್ಡಿನ ಮೇಲೆ ನೈಲ್‌ನ ಪಕ್ಕದಲ್ಲಿ ಬರೆದೆ. ಯಾರೂ ದನಿ ಏರಿಸಲಿಲ್ಲ.

ಅಂಕ ಕೊಡುವುದು ಅಭಿನಯಕ್ಕಲ್ಲ, ಆಮೇಲೆ ಮಕ್ಕಳು ಸ್ವಂತ ಹೆಸರಿನಲ್ಲಿ ಬರೆದು ತರುವ ಒಂದು ಪುಟಕ್ಕೆ. ಸಚಿವೆಯಾಗಿದ್ದ ಹುಡುಗಿ ತಾನು ಕೇಳಿದ ಪ್ರಶ್ನೆಯನ್ನೇ ಭಾನುವಾರ ಅಜ್ಜನಿಗೆ ಫೋನಿನಲ್ಲಿ ಕೇಳಿದ್ದಳು. “ಒಟ್ಲು ಒಣಗೋ ಹೊತ್ನಲ್ಲಿ ಯಾರ್ ಬುಡ್ತಾರೆ ಮಗಾ” ಎಂದಿದ್ದರಂತೆ ಅವರು (ಒಟ್ಲು ಎಂದರೆ ಭತ್ತದ ಸಸಿಮಡಿ). ಅದನ್ನು ಹಾಗೆಯೇ ಬರೆದು, ಕೆಳಗೆ ಸೇರಿಸಿದ್ದಳು: “ಇಥಿಯೋಪಿಯದ ಅಜ್ಜನೂ ಹೀಗೇ ಹೇಳುತ್ತಾರೆ. ಅದಕ್ಕೇ ಆ ಲೆಕ್ಕವನ್ನು ಮಳೆ ಚೆನ್ನಾಗಿ ಆದ ವರ್ಷ ಕೂತು ಬರೆಯಬೇಕು.”