ಎರಡು ಮಿಲಿಮೀಟರ್ ಅಂತರದಲ್ಲಿ ಸಿಕ್ಕಿಬಿದ್ದ ಲೆನ್ಸ್‌ಗಳು

ಲೆನ್ಸ್ ಕೂರುವ ಅಂಚಿನಿಂದ ಚಿತ್ರ ಹಿಡಿಯುವ ಸೆನ್ಸರ್‌ವರೆಗಿನ ದೂರ ಕ್ಯಾನನ್‌ನ ಇಎಫ್-ಎಂ ಮೌಂಟ್‌ನಲ್ಲಿ (ಲೆನ್ಸ್ ಸಿಕ್ಕಿಸುವ ಬಾಯಿ) 18 ಮಿ.ಮೀ., ಆರ್‌ಎಫ್ ಮೌಂಟ್‌ನಲ್ಲಿ 20 ಮಿ.ಮೀ. ಒಂದರ ಲೆನ್ಸನ್ನು ಇನ್ನೊಂದಕ್ಕೆ ಹಾಕೋಣವೆಂದರೆ ನಡುವೆ ಅಡಾಪ್ಟರ್ ಕೂರಿಸಲು ಜಾಗವೇ ಇಲ್ಲ. ಸಣ್ಣ ಸೆನ್ಸರ್‌ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಕೊಂಡವರು ಇಂದಿಗೂ ಲೆನ್ಸ್‌ಗಳ ಕೊರತೆಯ ಬಗ್ಗೆ ಗೊಣಗುವುದಕ್ಕೆ ಈ ಎರಡು ಮಿಲಿಮೀಟರ್ ಒಂದು ಕಾರಣ. ಆದರೆ ಅದೊಂದೇ ಕಾರಣವಲ್ಲ.

ಈ ಸಣ್ಣ ಸೆನ್ಸರ್‌ಗಿರುವ ಎಪಿಎಸ್-ಸಿ ಎಂಬ ಹೆಸರು 1996ರಲ್ಲಿ ಬಂದ ಒಂದು ಫಿಲ್ಮ್ ವ್ಯವಸ್ಥೆಯದು. ಆ ಫಿಲ್ಮ್ ಬಾಳಲಿಲ್ಲ. ಹೆಚ್ಚುಕಡಿಮೆ ಅದೇ ಅಳತೆಯ ಡಿಜಿಟಲ್ ಸೆನ್ಸರ್ ಉಳಿಯಿತು. ಪೂರ್ಣ ಅಳತೆಯ (ಫುಲ್ ಫ್ರೇಮ್) ಸೆನ್ಸರ್ ಆಗ ವಿಪರೀತ ದುಬಾರಿ. 2003ರಲ್ಲಿ ಕ್ಯಾನನ್ 300ಡಿ ಕ್ಯಾಮೆರಾದ ಜೊತೆಗೆ ಸಣ್ಣ ಸೆನ್ಸರ್‌ಗೆಂದೇ ಇಎಫ್-ಎಸ್ ಲೆನ್ಸ್‌ಗಳನ್ನು ತಂದಿತು. ಅವು ಸಾಲದಿದ್ದರೂ ದೊಡ್ಡ ಕ್ಯಾಮೆರಾಗಳ ಇಎಫ್ ಲೆನ್ಸ್‌ಗಳು ಅದೇ ಕ್ಯಾಮೆರಾಗೆ ಕೂರುತ್ತಿದ್ದವು. ಆದರೆ 50 ಮಿ.ಮೀ. ಲೆನ್ಸ್ ಇಲ್ಲಿ 80 ಮಿ.ಮೀ.ನಷ್ಟು ಕಿರಿದಾಗಿ ನೋಡುತ್ತದೆ. ಗೃಹಪ್ರವೇಶದ ದಿನ ಅಡುಗೆಮನೆಯಲ್ಲಿ ಹಾಲು ಉಕ್ಕಿಸುವುದನ್ನು ಅದರಲ್ಲಿ ಸೆರೆಹಿಡಿಯಲು ಹೋದವರಿಗೆ ಗೊತ್ತು: ಬೆನ್ನು ಗೋಡೆಗೆ ತಾಗಿದರೂ ಒಲೆ ಮತ್ತು ಮನೆಯವರು ಒಂದೇ ಚೌಕಟ್ಟಿಗೆ ಬರುವುದಿಲ್ಲ. ರಂಗನತಿಟ್ಟಿನಲ್ಲಿ ಹಕ್ಕಿಗಳ ಹಿಂದೆ ಬಿದ್ದವರಿಗಾದರೆ ಇದು ಲಾಭವೇ. 400 ಮಿ.ಮೀ. ಲೆನ್ಸಿಗೆ 640ರ ನೋಟ ಪುಕ್ಕಟೆ. ಹಾಗಾಗಿ ಗೊಣಗಾಟ ಅವರಿಂದ ಬರಲಿಲ್ಲ. ಅಗಲ ನೋಟದ, ಹೆಚ್ಚು ಬೆಳಕು ಹಿಡಿಯುವ ಪುಟ್ಟ ಲೆನ್ಸ್ ಬೇಕೆಂದವರಿಂದ ಬಂತು.

2012ರಲ್ಲಿ ಇಎಫ್-ಎಂ ಮೌಂಟ್‌ನೊಂದಿಗೆ ಬಂದ ಕ್ಯಾನನ್‌ನ ಮಿರರ್‌ಲೆಸ್ ಕ್ಯಾಮೆರಾ ಇಒಎಸ್ ಎಂ ಅವರಿಗೆ ಆಸೆ ತೋರಿಸಿತು. ಜೊತೆಗೇ ಬಂದ 22 ಮಿ.ಮೀ. ಎಫ್/2 ಲೆನ್ಸ್ ತೂಗುವುದು 105 ಗ್ರಾಂ. ಜೇಬಿಗೆ ಹಾಕಿಕೊಂಡು ತಿರುಗಬಹುದು. ಆದರೆ ಈ ಮೌಂಟ್‌ಗೆ ಕ್ಯಾನನ್ ಒಟ್ಟು ಮಾಡಿದ್ದು ಎಂಟೇ ಲೆನ್ಸ್. ಕೊನೆಯದಾದ 32 ಮಿ.ಮೀ. ಎಫ್/1.4 ಬಹುಶಃ ಎಲ್ಲಕ್ಕಿಂತ ಚೆನ್ನಾಗಿತ್ತು. ಅದನ್ನು ಘೋಷಿಸಿದ್ದು 2018ರ ಸೆಪ್ಟೆಂಬರ್ 5ರಂದು. ಅದೇ ದಿನ ಫುಲ್ ಫ್ರೇಮ್‌ನ ಇಒಎಸ್ ಆರ್ ಕೂಡ ಹೊರಬಂತು, ಹೊಸ ಆರ್‌ಎಫ್ ಮೌಂಟ್‌ನೊಂದಿಗೆ. ತೊಟ್ಟಿಲು ಕಟ್ಟಿದ ದಿನವೇ ಚಟ್ಟ ಕಟ್ಟಿದಂತೆ.

2022ರಲ್ಲಿ ಕ್ಯಾನನ್‌ನ ಆರ್7 ಮತ್ತು ಆರ್10 ಕ್ಯಾಮೆರಾಗಳು ಬಂದಾಗ ಸಣ್ಣ ಸೆನ್ಸರ್ ಈ ಹೊಸ ಮೌಂಟ್‌ಗೆ ದಾಟಿತು, ಲೆನ್ಸ್‌ಗಳು ದಾಟಲಿಲ್ಲ. ಸಿಕ್ಕಿದ್ದು ಮಂದ ಬೆಳಕಿಗೆ ಒಗ್ಗದ ಎರಡು ಝೂಮ್. ಹೊರಗಿನ ಕಂಪನಿಗಳಾದರೂ ಲೆನ್ಸ್ ಮಾಡಬಹುದಿತ್ತು, ಆದರೆ ಆಟೋಫೋಕಸ್ ಇರುವ ಆರ್‌ಎಫ್ ಲೆನ್ಸ್‌ಗೆ ಕ್ಯಾನನ್ ಬಾಗಿಲು ಮುಚ್ಚಿತ್ತು. ವಿಲ್‌ಟ್ರಾಕ್ಸ್ ಕಂಪನಿ ಅದೇ ವರ್ಷ ತನ್ನ ಆರ್‌ಎಫ್ ಲೆನ್ಸ್‌ಗಳ ಮಾರಾಟ ನಿಲ್ಲಿಸಬೇಕಾಯಿತು.

ನಿಕಾನ್‌ನದೂ ಇದೇ ಹಾಡು. 2019ರಲ್ಲಿ ಸಣ್ಣ ಸೆನ್ಸರ್‌ನ ಜ಼ಡ್50 ಬಂದರೂ ಆ ಸೆನ್ಸರ್‌ಗೆಂದೇ ಮಾಡಿದ ಮೊದಲ ಪ್ರೈಮ್ (ಝೂಮ್ ಇಲ್ಲದ) ಲೆನ್ಸ್, 24 ಮಿ.ಮೀ. ಎಫ್/1.7, ಬಂದಿದ್ದು 2023ರಲ್ಲಿ. ಫ್ಯೂಜಿಫಿಲ್ಮ್ ಮಾತ್ರ 2012ರಲ್ಲಿ ಎಕ್ಸ್-ಪ್ರೊ1ರ ಜೊತೆಗೇ ಮೂರು ಪ್ರೈಮ್ ಲೆನ್ಸ್ ಇಟ್ಟಿತು. ಅದಕ್ಕೆ ಫುಲ್ ಫ್ರೇಮ್ ಎಂಬ ಮೇಲಿನ ಮೆಟ್ಟಿಲೇ ಇಲ್ಲ. ಗಿರಾಕಿಯನ್ನು ಇದ್ದಲ್ಲೇ ತೃಪ್ತಿಪಡಿಸಬೇಕು. ಉಳಿದವರಿಗೆ ಸಣ್ಣ ಸೆನ್ಸರ್ ಎಂದರೆ ದಾಟಿಹೋಗಬೇಕಾದ ಹೊಸ್ತಿಲು, ಅಲ್ಲಿ ಯಾರು ಕುರ್ಚಿ ಹಾಕುತ್ತಾರೆ? ಸೋನಿಗೂ ಮೇಲಿನ ಮೆಟ್ಟಿಲುಂಟು, ಆದರೆ 2013ರಲ್ಲಿ ಫುಲ್ ಫ್ರೇಮ್‌ಗೆ ಹೋದಾಗ ಅದು ಹಳೆಯ ಮೌಂಟನ್ನೇ ಉಳಿಸಿಕೊಂಡಿತು, ಸಿಗ್ಮಾ, ಟ್ಯಾಮ್ರಾನ್‌ನಂಥವರನ್ನೂ ತಡೆಯಲಿಲ್ಲ.

2023ರಲ್ಲಿ ಇಒಎಸ್ ಎಂ ತಯಾರಿಕೆ ನಿಂತಿತು. 2024ರ ಏಪ್ರಿಲ್‌ನಲ್ಲಿ ಕ್ಯಾನನ್ ಕೊನೆಗೂ ಬಾಗಿಲು ಸ್ವಲ್ಪ ತೆರೆಯಿತು. ಸಿಗ್ಮಾ ಆರ್‌ಎಫ್ ಮೌಂಟ್‌ಗೆ ಆರು ಸಣ್ಣ ಸೆನ್ಸರ್ ಲೆನ್ಸ್‌ಗಳನ್ನು ಘೋಷಿಸಿತು. ಅವುಗಳಲ್ಲಿ 16, 30 ಮತ್ತು 56 ಮಿ.ಮೀ.ನ ಮೂರು, 2019ರಲ್ಲೇ ಇಎಫ್-ಎಂ ಕ್ಯಾಮೆರಾಗಳಿಗೆ ಸಿಕ್ಕಿದ್ದವು.