ನಿದ್ದೆ ಯಾವ ಹೊತ್ತಿಗೆ ತಪ್ಪುತ್ತದೆ? ಚೀನೀ ವೈದ್ಯದ ಒಂದು ಓದು

ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಗೆ ಕಲಬುರಗಿಯ ನಮ್ಮ ಮಾಳಿಗೆಯ ಮೇಲೆ ಬರಿಗಾಲಿಟ್ಟರೆ ಶಹಾಬಾದ್ ಕಲ್ಲು ಇನ್ನೂ ಬೆಚ್ಚಗಿರುತ್ತದೆ. ಹೊತ್ತು ಮುಳುಗಿ ಮೂರು ತಾಸಾದರೂ ಹಗಲು ಕಲ್ಲನ್ನು ಬಿಟ್ಟಿರುವುದಿಲ್ಲ. ಚೀನೀ ವೈದ್ಯ ನಿದ್ರಾಹೀನತೆಯನ್ನು ವಿವರಿಸುವ ಬಗೆ ನನಗೆ ಸರಿಯಾಗಿ ಅರ್ಥವಾದದ್ದು ಆ ಕಲ್ಲಿನ ಮೇಲೆ ಕುಳಿತಾಗ.

ಎರಡು ಸಾವಿರ ವರ್ಷಗಳಷ್ಟು ಹಳೆಯದಾದ 'ಹುವಾಂಗ್‌ದಿ ನೇಯ್‌ಜಿಂಗ್' ಗ್ರಂಥದ ಪ್ರಕಾರ, ದೇಹವನ್ನು ಕಾಯುವ ಚೈತನ್ಯ (ವೇಯ್ ಚೀ) ಹಗಲು ಯಾಂಗ್ ಭಾಗದಲ್ಲಿ, ಅಂದರೆ ಹೊರಗೆ, ಸುತ್ತುತ್ತದೆ. ರಾತ್ರಿ ಯಿನ್ ಭಾಗಕ್ಕೆ, ಅಂದರೆ ಒಳಕ್ಕೆ, ಇಳಿಯುತ್ತದೆ. ಇಳಿಯದೆ ಹೊರಗೇ ಉಳಿದರೆ ಕಣ್ಣು ಮುಚ್ಚುವುದಿಲ್ಲ. ಇದಕ್ಕೆ ಆ ಗ್ರಂಥ ಹೇಳುವ ಕಷಾಯದಲ್ಲಿ ಎರಡೇ ವಸ್ತುಗಳು: ಬಾನ್‌ಶಿಯಾ ಎಂಬ ಗಡ್ಡೆ, ಜೊತೆಗೆ ಶೂಮಿ ಎಂಬ ಅಂಟು ಧಾನ್ಯ. ಈ ಧಾನ್ಯ ನವಣೆಯ ಜಾತಿಯದೆಂದು ಕೆಲವರು, ಜೋಳದ ಜಾತಿಯದೆಂದು ಇನ್ನು ಕೆಲವರು ಹೇಳುತ್ತಾರೆ. ಜೋಳದ ನಾಡಿನವರಾದ ನಮಗೆ ಈ ವಿವರ ಓದಿ ಖುಷಿಯಾಗುವುದು ಸಹಜ. ಆದರೆ ಹಸಿ ಬಾನ್‌ಶಿಯಾ ವಿಷ. ಮನೆಯಲ್ಲಿ ಪ್ರಯೋಗಿಸುವ ವಸ್ತುವಲ್ಲ.

ಚೀನೀ ವೈದ್ಯವನ್ನು ಓದುವಾಗ ಮರೆಯಬಾರದ ಮಾತೊಂದಿದೆ. ಈ ಪದ್ಧತಿಯಲ್ಲಿ 'ಹೃದಯ', 'ಯಕೃತ್ತು', 'ಗುಲ್ಮ' ಎಂದರೆ ಶರೀರಶಾಸ್ತ್ರದ ಅಂಗಗಳಷ್ಟೇ ಅಲ್ಲ, ಲಕ್ಷಣಗಳ ಗುಂಪುಗಳ ಹೆಸರುಗಳು. ಹೃದಯ 'ಶೆನ್' ಎಂಬ ಮನಸ್ಸಿನ ಮನೆ. ಚಿಂತೆ ಹೆಚ್ಚಾಗಿ, ಊಟ ಸೇರದೆ, ಕನಸು ತುಂಬಿದ ತೆಳು ನಿದ್ದೆ ಬರುತ್ತಿದ್ದರೆ ಹೃದಯ-ಗುಲ್ಮಗಳ ದುರ್ಬಲತೆ ಎನ್ನುತ್ತಾರೆ. ಸಿಟ್ಟು, ಬಾಯಿ ಕಹಿ, ಮಲಗಿದರೂ ನಿದ್ದೆ ಹತ್ತದಿರುವುದು ಯಕೃತ್ತಿನ ಬೆಂಕಿ. ಅಂಗೈ ಅಂಗಾಲು ಉರಿದು, ರಾತ್ರಿ ಬೆವರಿ ನಡುರಾತ್ರಿ ಎಚ್ಚರವಾದರೆ ಯಿನ್ ಕೊರತೆ, ಅಂದರೆ ದೇಹವನ್ನು ತಂಪಾಗಿಡುವ ಅಂಶದ ಕೊರತೆ. ಆದ್ದರಿಂದಲೇ ಒಬ್ಬರಿಗೆ ಕೊಟ್ಟ ಮದ್ದನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ.

ಕ್ರಿ.ಶ. 200ರ ಸುಮಾರಿನ ವೈದ್ಯ ಜಾಂಗ್ ಜೊಂಗ್‌ಜಿಂಗ್ ದಣಿದ, ಚಡಪಡಿಸುವ ರೋಗಿಗೆ ಹೇಳಿದ ಕಷಾಯದ ಮುಖ್ಯ ವಸ್ತು ಸುವಾನ್ ಜಾವೊ ರೆನ್. ಇದು ನಮ್ಮ ಬೋರೆ ಹಣ್ಣಿನ ಕುಲಕ್ಕೇ ಸೇರಿದ ಮುಳ್ಳುಗಿಡದ ಬೀಜ. ಕುಲ ಒಂದಾದರೂ ಜಾತಿ ಬೇರೆ. ನಮ್ಮ ಹೊಲದ ಬದುವಿನ ಬೋರೆ ಬೀಜವನ್ನು ಅದರ ಬದಲಿಗೆ ಬಳಸುವಂತಿಲ್ಲ. ಮನಸ್ಸು ಶಾಂತಗೊಳಿಸಲೆಂದು ಕೊಡುತ್ತಿದ್ದ ಕೆಲವು ಹಳೆಯ ಚೀನೀ ಗುಳಿಗೆಗಳಲ್ಲಿ ಪಾದರಸದ ಅದಿರಾದ ಇಂಗಳೀಕವೂ ಇರುತ್ತಿತ್ತು. ಹೆಸರು ಕೇಳಿ ಅಂಗಡಿಯಿಂದ ಗುಳಿಗೆ ತರಿಸಿಕೊಳ್ಳುವುದು ಅಪಾಯ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅಪಾಯವಿಲ್ಲದೆ ಕಲಿಯಬಹುದಾದದ್ದು ಒತ್ತಡ ಬಿಂದುಗಳು. ಮಣಿಕಟ್ಟಿನ ಮಡಿಕೆಯಲ್ಲಿ ಕಿರುಬೆರಳಿನ ಕಡೆಗೆ ಒಂದು ಸಣ್ಣ ಕುಳಿ ಸಿಗುತ್ತದೆ. ಅದು ಶೆನ್‌ಮೆನ್, 'ಮನಸ್ಸಿನ ಬಾಗಿಲು'. ಅವ್ವನ ಕೈಯಲ್ಲಿ ಅದನ್ನು ಹುಡುಕುವಾಗ ಬಳೆಗಳನ್ನು ಮೇಲಕ್ಕೆ ಸರಿಸಬೇಕಾಯಿತು. ಹೆಬ್ಬೆರಳಿನಿಂದ ಮೆಲ್ಲಗೆ ಒಂದೆರಡು ನಿಮಿಷ ಒತ್ತಿದೆ. "ಅಲ್ಲೇ ಇರಲಿ, ತೆಗೆಯಬೇಡ" ಎಂದಳು. ಒಳಗಾಲಿನ ಗಿಣ್ಣಿನಿಂದ ನಾಲ್ಕು ಬೆರಳು ಮೇಲಿರುವ ಸಾನ್‌ಯಿನ್‌ಜಿಯಾವ್ ಬಿಂದುವನ್ನು ಮಾತ್ರ ಗರ್ಭಿಣಿಯರಿಗೆ ಒತ್ತಬಾರದು. ಅಂಗಾಲಿನ ನಡುವೆ, ತುಸು ಮುಂದಕ್ಕೆ ಇರುವುದು ಯೊಂಗ್‌ಚ್ವಾನ್.

ಮಲಗುವ ಮುನ್ನ ಚೀನೀಯರು ಬೆಚ್ಚಗಿನ ನೀರಿನಲ್ಲಿ ಪಾದ ಅದ್ದುತ್ತಾರೆ. ನಮ್ಮ ಹಿರಿಯರು ಅಂಗಾಲಿಗೆ ಎಣ್ಣೆ ತಿಕ್ಕುತ್ತಾರೆ. ಇಲ್ಲಿ ಆಧುನಿಕ ಶರೀರಶಾಸ್ತ್ರವೂ ಒಂದು ಕಾರಣ ಕೊಡುತ್ತದೆ. ನಿದ್ದೆ ಹತ್ತಲು ದೇಹದ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ಪಾದ ಬೆಚ್ಚಗಾದರೆ ಅಲ್ಲಿಯ ರಕ್ತನಾಳಗಳು ಹಿಗ್ಗಿ ಶಾಖ ಹೊರಹೋಗುತ್ತದೆ. ಮಾಳಿಗೆಯ ಕಲ್ಲು ತಣ್ಣಗಾಗುವಂತೆಯೇ.

ಸಡಿಲಿಕೆಗೆ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಅವರ ಕ್ರಮದ ಇಂದಿನ ಸರಳ ರೂಪ ಸುಲಭ: ಕಾಲ್ಬೆರಳಿನಿಂದ ಹಣೆಯವರೆಗೆ ಒಂದೊಂದೇ ಸ್ನಾಯುವನ್ನು ಐದು ಸೆಕೆಂಡು ಬಿಗಿಹಿಡಿದು ಬಿಡುವುದು. ಬಿಡುವಾಗಿನ ವ್ಯತ್ಯಾಸವನ್ನು ಗಮನಿಸುವುದೇ ಅಭ್ಯಾಸದ ತಿರುಳು.

ಇಂಥ ಬಿಂದುಗಳಿಗೆ ಸೂಜಿ ಚುಚ್ಚುವ ಚಿಕಿತ್ಸೆಯ (ಅಕ್ಯುಪಂಕ್ಚರ್) ಬಗ್ಗೆ ಅಧ್ಯಯನಗಳು ಬಹಳ ನಡೆದಿವೆ, ಆದರೆ ಹೆಚ್ಚಿನವುಗಳ ಗುಣಮಟ್ಟ ಕಡಿಮೆ. ದೀರ್ಘಕಾಲದ ನಿದ್ರಾಹೀನತೆಗೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಮೊದಲ ಚಿಕಿತ್ಸೆಯಾಗಿ ಶಿಫಾರಸು ಮಾಡಿದ್ದು ಆಲೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯನ್ನು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ, ಅಥವಾ ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಒತ್ತಡ ಬಿಂದು ಹುಡುಕುತ್ತ ಕೂರದೆ ವೈದ್ಯರ ಬಳಿ ಹೋಗಬೇಕು. ಹೋಗುವಾಗ ಒಂದು ವಾರ ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎಚ್ಚರವಾಯಿತು ಎಂದು ಬರೆದಿಟ್ಟ ಹಾಳೆ ಜೊತೆಗಿರಲಿ.